ನಾನು ಕಂಡುಹಿಡಿಯದ ಬ್ಯಾಕ್ಟೀರಿಯಾ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈಗಷ್ಟೇ ನನ್ನನ್ನು ಪರಿಚಯ ಮಾಡಿಕೊಟ್ಟ ಸರ್, "ನಮ್ಮೂರ ಹೊಲದ ಮಣ್ಣಿನಲ್ಲಿ ಹೊಸ ಬ್ಯಾಕ್ಟೀರಿಯಾ ಕಂಡುಹಿಡಿದ ವಿಜ್ಞಾನಿ" ಎಂದರು. ನೀವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯನ್ನು ಮೊದಲು ವಾಪಸ್ ಕೊಟ್ಟುಬಿಡುತ್ತೇನೆ. ನಾನು ಯಾವ ಹೊಸ ಬ್ಯಾಕ್ಟೀರಿಯಾವನ್ನೂ ಕಂಡುಹಿಡಿದಿಲ್ಲ. ಸರ್ ಅವರದೇನೂ ತಪ್ಪಿಲ್ಲ. ಊರಲ್ಲಿ ಇಷ್ಟು ವರ್ಷ ಓಡಾಡಿದ ಮಾತನ್ನೇ ಅವರು ಹೇಳಿದ್ದಾರೆ. ಆ ಮಾತು ಎಲ್ಲಿ ಹುಟ್ಟಿತು ಎಂಬುದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಹುಟ್ಟಿಸಿದವಳು ನಾನೇ. ಇವತ್ತು ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ದೀಪಾವಳಿಗೆ ಊರಿಗೆ ಬಂದು ಹೋದ ಕೆಲವು ವಾರಗಳ ಮೇಲೆ, ಕಡಲೆ ಹೂ ಬಿಡುವ ಹೊತ್ತಿಗೆ, ನಮ್ಮ ಹೊಲದಿಂದ ನಾಲ್ಕು ಗಿಡ ಬೇರು ಸಮೇತ ಕಿತ್ತುಕೊಂಡು ಹೋದೆ. ಅಣ್ಣಿಗೇರಿ-1 ಕಡಲೆ. ಬೇರಿಗೆ ಅಂಟಿಕೊಂಡ ಎರಿ ಮಣ್ಣು ನನಗೆ ಬೇಕಾಗಿತ್ತು. ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ದಪ್ಪದ ಆ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳ ಜಾತ್ರೆಯೇ ನೆರೆದಿರುತ್ತದೆ. ಬೇರು ಸಕ್ಕರೆಯಂಥ ಪದಾರ್ಥಗಳನ್ನು ಹೊರಗೆ ಬಿಡುತ್ತದೆ, ಅದನ್ನು ತಿನ್ನಲು ಅವು ಸೇರುತ್ತವೆ.

ನಾನು ಹುಡುಕುತ್ತಿದ್ದದ್ದು ರಂಜಕ ಕರಗಿಸುವ ಬ್ಯಾಕ್ಟೀರಿಯಾ. ನಮ್ಮ ಎರಿ ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು ಎಂಬುದು ನಿಮಗೆಲ್ಲ ಗೊತ್ತು. ನೇಗಿಲು ಹೊಡೆದರೆ ಬಿಳಿ ಸುಣ್ಣದ ಹರಳು ಮೇಲೆ ಬರುತ್ತವೆ. ನೀವು ಹಾಕುವ ಡಿ.ಎ.ಪಿ.ಯ ರಂಜಕದಲ್ಲಿ ಒಂದು ಪಾಲು ಗಿಡಕ್ಕೆ ಸಿಗುವ ಮೊದಲೇ ಆ ಸುಣ್ಣದ ಜೊತೆ ಗಟ್ಟಿಯಾಗಿ ಕೂತುಬಿಡುತ್ತದೆ. ಮಣ್ಣಿನಲ್ಲಿ ಇರುತ್ತದೆ, ಬೇರಿಗೆ ದಕ್ಕುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಹುಳಿ, ಅಂದರೆ ಆಮ್ಲ ಬಿಟ್ಟು ಅದನ್ನು ಕರಗಿಸುತ್ತವೆ. ಕಡಲೆ ಗಿಡದ ಮೇಲೆ ರಾತ್ರಿ ಬಟ್ಟೆ ಹಾಸಿ ಬೆಳಿಗ್ಗೆ ಹುಳಿ ಹಿಂಡಿಕೊಳ್ಳುತ್ತಿದ್ದ ನಮ್ಮಜ್ಜಿಗೆ ಇದನ್ನು ಹೇಳಿದ್ದರೆ ಬೇಗ ತಿಳಿಯುತ್ತಿತ್ತು.

ಇಂಥವನ್ನು ಹುಡುಕುವುದು ಹೇಗೆಂದರೆ, ಹತ್ತು ಗ್ರಾಂ ಮಣ್ಣನ್ನು ಶುದ್ಧ ನೀರಿನಲ್ಲಿ ಕದಡಿ, ಅದರಲ್ಲಿ ಒಂದು ಹನಿಯನ್ನು ಒಂಬತ್ತು ಪಾಲು ನೀರಿಗೆ ಬೆರೆಸಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಒಂಬತ್ತು ಪಾಲಿಗೆ ಬೆರೆಸಿ, ಹೀಗೆ ಐದಾರು ಸಲ ತೆಳು ಮಾಡುತ್ತಾರೆ. ಒಂದು ಚಿಟಿಕೆ ಮಣ್ಣಿನಲ್ಲೇ ಕೋಟಿಗಟ್ಟಲೆ ಇರುವುದರಿಂದ ತೆಳು ಮಾಡದಿದ್ದರೆ ಯಾವುದು ಯಾವುದೆಂದು ತಿಳಿಯುವುದೇ ಇಲ್ಲ. ಆಮೇಲೆ ಪಿಕೋವ್‌ಸ್ಕಯಾ ಎಂಬ ರಷ್ಯನ್ ವಿಜ್ಞಾನಿ 1948ರಲ್ಲಿ ಕಂಡುಕೊಂಡ ಒಂದು ಆಹಾರದ ಮೇಲೆ ಸುರಿಯುತ್ತಾರೆ. ಆ ಆಹಾರದಲ್ಲಿ ಕರಗದ ರಂಜಕದ ಪುಡಿ ಬೆರೆಸಿರುವುದರಿಂದ ತಟ್ಟೆ ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಬೆಳೆದ ಕಡೆ ಸುತ್ತಲೂ ತಿಳಿಯಾದ ಉಂಗುರ ಕಾಣುತ್ತದೆ.

ನನ್ನ ತಟ್ಟೆಯ ಮೇಲೆ ಒಂದು ಒಳ್ಳೆಯ ಉಂಗುರ ಬಂತು. ಅದರ ನಡುವಿನ ಚುಕ್ಕೆಯನ್ನು ತೆಗೆದು ಬೆಳೆಸಿದೆ. ಗ್ರಾಂ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಈ ಬಣ್ಣದ ಪರೀಕ್ಷೆ 1884ರಷ್ಟು ಹಳೆಯದು. ಬ್ಯಾಕ್ಟೀರಿಯಾಗಳನ್ನು ನೇರಳೆ ಗುಂಪು, ಗುಲಾಬಿ ಗುಂಪು ಎಂದು ಎರಡು ಪಾಲು ಮಾಡುತ್ತದೆ. ನನಗೆ ದಪ್ಪ ದಪ್ಪ ನೇರಳೆ ಕಡ್ಡಿಗಳು ಕಂಡವು. ನಡುನಡುವೆ ಸಣ್ಣ ಗುಲಾಬಿ ಕಡ್ಡಿಗಳೂ ಇದ್ದವು. ಈ ಗುಲಾಬಿಯವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ವಯಸ್ಸಾದ ನೇರಳೆ ಕಡ್ಡಿಗಳು ಕೆಲವೊಮ್ಮೆ ಬಣ್ಣ ಬಿಟ್ಟು ಗುಲಾಬಿಯಾಗುತ್ತವೆ ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಸುಳ್ಳಲ್ಲ. ಆದರೆ ಅರ್ಧ ಓದಿದವರಿಗೆ ಇಂಥ ಸಮಾಧಾನಗಳು ಬಹಳ ಬೇಗ ಸಿಗುತ್ತವೆ.

ಆಮೇಲೆ ಗುರುತು ಹಿಡಿಯುವ ಪರೀಕ್ಷೆಗಳು. ಈ ಸಕ್ಕರೆ ತಿನ್ನುತ್ತದೆಯೇ, ಆ ಸಕ್ಕರೆ ತಿನ್ನುತ್ತದೆಯೇ, ಪಿಷ್ಟ ಒಡೆಯುತ್ತದೆಯೇ, ಉಪ್ಪು ಎಷ್ಟು ತಡೆಯುತ್ತದೆ, ಎಷ್ಟು ಬಿಸಿಯಲ್ಲಿ ಬದುಕುತ್ತದೆ. ಬರ್ಜಿ ಎಂಬುವರ ಹೆಸರಿನ ದೊಡ್ಡ ಕೈಪಿಡಿಯೊಂದಿದೆ. ಅದರಲ್ಲಿ ಪ್ರತಿ ಪ್ರಭೇದದ ಮುಂದೆ ಇಂಥ ಪರೀಕ್ಷೆಗಳ ಉತ್ತರ ಬರೆದಿರುತ್ತದೆ. ನನ್ನ ಉತ್ತರಗಳನ್ನು ಹಿಡಿದು ಕೈಪಿಡಿಯ ಪುಟ ತಿರುವಿದೆ. ಯಾವುದಕ್ಕೂ ತಾಳೆಯಾಗಲಿಲ್ಲ. ಎರಡು ಸಲ ನೋಡಿದೆ, ಮೂರು ಸಲ ನೋಡಿದೆ. ಇಲ್ಲ!

ಆ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಹೆಸರು ಕೂಡ ಇಟ್ಟುಬಿಟ್ಟಿದ್ದೆ, ಬ್ಯಾಸಿಲಸ್ ನವಲಗುಂದೆನ್ಸಿಸ್. ಒಂದು ಊರಿನ ಹೆಸರಿನಿಂದ ಪ್ರಭೇದಕ್ಕೆ ಹೆಸರಿಡುವಾಗ ಲ್ಯಾಟಿನ್ ಪದ್ಧತಿಯಲ್ಲಿ ಹೀಗೆ ಬಾಲ ಹಚ್ಚುತ್ತಾರೆ. ಅಣ್ಣಿಗೇರಿಯ ಹೆಸರನ್ನು ಒಂದು ಕಡಲೆ ತಳಿ ರಾಜ್ಯದ ಗಡಿ ದಾಟಿಸಿದೆ, ನವಲಗುಂದದ ಹೆಸರನ್ನು ಜಮಖಾನೆ ದಾಟಿಸಿದೆ, ಇನ್ನು ಒಂದು ಬ್ಯಾಕ್ಟೀರಿಯಾ ದಾಟಿಸಲಿ ಎಂದುಕೊಂಡೆ. ಬೆಳಿಗ್ಗೆ ಎದ್ದವಳೇ ಊರಿಗೆ ಫೋನು ಮಾಡಿದೆ. ಅಪ್ಪ ಅದನ್ನು ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಹೇಳಿದ. "ನಮ್ಮ ಹೊಲದಾಗ ಯಾರಿಗೂ ಗೊತ್ತಿರದ ಹುಳಾ ಸಿಕ್ಕೈತಂತ. ನಮ್ಮ ಹುಡುಗಿ ಹುಡುಕ್ಯಾಳ." ಮುಂದಿನದು ನಿಮಗೆ ಗೊತ್ತಿದೆ.

ನನ್ನ ಗೈಡ್ ಸರ್ ಮಾತ್ರ ನನ್ನ ಕಾಗದ ನೋಡಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಕಲ್ಚರ್ ಶುದ್ಧ ಐತೇನು?" ಎಂದು ಕೇಳಿದರು. ಐತಿ ಸರ್ ಎಂದೆ. "ಇನ್ನೊಮ್ಮೆ ಗೆರೆ ಎಳೆದು ನೋಡು" ಎಂದರು.

ಗೆರೆ ಎಳೆಯುವುದೆಂದರೆ, ಒಂದು ತಂತಿಯ ಕುಣಿಕೆಯಿಂದ ಬ್ಯಾಕ್ಟೀರಿಯಾವನ್ನು ತಟ್ಟೆಯ ಒಂದು ಮೂಲೆಯಲ್ಲಿ ಉಜ್ಜಿ, ಕುಣಿಕೆಯನ್ನು ಸುಟ್ಟು, ಆ ಗೆರೆಯಿಂದ ಇನ್ನೊಂದು ಗೆರೆ, ಅದರಿಂದ ಮತ್ತೊಂದು ಎಳೆಯುವುದು. ಕೊನೆಯ ಗೆರೆಯ ಹೊತ್ತಿಗೆ ಬ್ಯಾಕ್ಟೀರಿಯಾಗಳು ಒಂದೊಂದಾಗಿ ಬಿಡಿಬಿಡಿಯಾಗಿ ಬೀಳುತ್ತವೆ. ಕೂರಿಗೆಯಿಂದ ಬೀಜ ಬಿದ್ದ ಹಾಗೆ. ಒಂದೊಂದೂ ಮರುದಿನ ಒಂದೊಂದು ಚುಕ್ಕೆಯಾಗುತ್ತದೆ.

ಮರುದಿನ ತಟ್ಟೆಯ ಕೊನೆಯ ಗೆರೆಯಲ್ಲಿ ಎರಡು ತರಹದ ಚುಕ್ಕೆಗಳಿದ್ದವು. ಒಂದು ದೊಡ್ಡದು, ಕೆನೆ ಬಣ್ಣದ್ದು. ಇನ್ನೊಂದು ಸಣ್ಣದು, ತೆಳುವಾದದ್ದು, ದೊಡ್ಡದರ ಅಂಚಿಗೆ ಅಂಟಿಕೊಂಡೇ ಬೆಳೆಯುವಂಥದ್ದು. ನನ್ನ ಗುಲಾಬಿ ಕಡ್ಡಿಗಳು ಮುದುಕರಲ್ಲ, ಬೇರೆ ಮನೆಯವರು. ನಾನು ಪರೀಕ್ಷೆ ಮಾಡಿದ್ದು ಎರಡು ಬ್ಯಾಕ್ಟೀರಿಯಾಗಳ ಬೆರಕೆಯನ್ನು. ಇದು ಒಂದು ಸಕ್ಕರೆ ತಿಂದಿತ್ತು, ಅದು ಇನ್ನೊಂದು ತಿಂದಿತ್ತು. ಇಬ್ಬರ ಉತ್ತರವನ್ನೂ ಒಂದೇ ಹಾಳೆಯ ಮೇಲೆ ಬರೆದರೆ ಜಗತ್ತಿನ ಯಾವ ಕೈಪಿಡಿಯಲ್ಲಿ ಸಿಗಬೇಕು?

ದೊಡ್ಡದನ್ನು ಬೇರೆ ಮಾಡಿ, ಅದರ 16ಎಸ್ ಎಂಬ ಜೀನನ್ನು ಓದಿಸಲು ಕಳಿಸಿದೆವು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಸುಮಾರು 1,500 ಅಕ್ಷರಗಳ ಜೀನು ಅದು. ಬಹಳ ನಿಧಾನವಾಗಿ ಬದಲಾಗುತ್ತದೆ, ಆದ್ದರಿಂದ ಯಾರು ಯಾರಿಗೆ ನೆಂಟರು ಎಂದು ಹೇಳಲು ಅನುಕೂಲ. ಅಮೆರಿಕದ ಕಾರ್ಲ್ ವೋಸ್ 1977ರಲ್ಲಿ ಇದೇ ದಾರಿಯಿಂದ ಜೀವಲೋಕದ ವಂಶವೃಕ್ಷವನ್ನೇ ತಿದ್ದಿ ಬರೆದರು. ಈ ಜೀನು ಗೊತ್ತಿರುವ ಎಲ್ಲ ಪ್ರಭೇದಗಳಿಗಿಂತ ಶೇಕಡಾ 98.7ಕ್ಕೂ ಕಡಿಮೆ ಹೋಲಿದರೆ ಹೊಸದಿರಬಹುದು ಎಂಬ ಆಸೆಗೆ ಜಾಗವುಂಟು. ನನ್ನದು ಬ್ಯಾಸಿಲಸ್ ಮೆಗಟೀರಿಯಂ ಜೊತೆ 99ಕ್ಕೂ ಹೆಚ್ಚು ಹೋಲಿತು.

ಮೆಗಟೀರಿಯಂ ಎಂದರೆ ದೊಡ್ಡ ಪ್ರಾಣಿ ಎಂದರ್ಥ. ಜರ್ಮನಿಯ ಡಿ ಬ್ಯಾರಿ 1884ರಲ್ಲೇ ಅದಕ್ಕೆ ಹೆಸರಿಟ್ಟಿದ್ದರು. ನಾನು ಹಚ್ಚಿದ ಬಣ್ಣ ಹುಟ್ಟಿದ ವರ್ಷವೇ! ಉದ್ದ ಸುಮಾರು 4 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 250 ಸಾಲಾಗಿ ಮಲಗಬಹುದು. ಅಷ್ಟಕ್ಕೇ ದೊಡ್ಡ ಪ್ರಾಣಿ ಎಂಬ ಬಿರುದು, ಅವರ ಊರಲ್ಲಿ ಅದೇ ಗೌಡ. ಇನ್ನೂ ತಮಾಷೆಯೆಂದರೆ, ರಂಜಕ ಕರಗಿಸುವ ಜೀವಾಣು ಗೊಬ್ಬರವೆಂದು ಪ್ಯಾಕೆಟ್ಟಿನಲ್ಲಿ ಮಾರುವ ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದು. ನಾನು ಜಗತ್ತಿಗೇ ಹೊಸದೆಂದುಕೊಂಡದ್ದು ಅಂಗಡಿಯಲ್ಲಿ ಸಿಗುತ್ತಿತ್ತು.

ಅಪ್ಪನಿಗೆ ಹೇಳಲು ನನಗೆ ಎಂಟು ತಿಂಗಳು ಬೇಕಾಯಿತು. ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಕುಳಿತಾಗ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಊರಿನವರ ಮುಂದೆ ಅವನ ಮಾತು ಹೋಯಿತಲ್ಲ ಎಂಬ ಸಂಕಟ ನನಗೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಬೇರೆಯೇ. "ಅಂದ್ರ ಆ ಹುಳಾ ಮೊದ್ಲಿಂದ ನಮ್ಮ ಹೊಲದಾಗ ಐತಿ?"

"ಹೂಂನಪ್ಪಾ."

"ಮತ್ತ ಅದನ್ನ ರೊಕ್ಕಾ ಕೊಟ್ಟು ನಾ ಯಾಕ ತರಬೇಕವಾ?"

ನನಗೆ ಉತ್ತರ ಬರಲಿಲ್ಲ. ಎಂ.ಎಸ್ಸಿ. ಪರೀಕ್ಷೆಯಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಊರಿನವರಿಗೆ ಅವನು ನಿಜ ಹೇಳಲೂ ಇಲ್ಲ. ಹೇಳಿದ್ದರೆ ಇವತ್ತಿನ ಚಪ್ಪಾಳೆ ಉಳಿಯುತ್ತಿತ್ತು.

ಆ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮೊದಲು, ನಿಜವಾಗಿ ಹೊಸ ಪ್ರಭೇದ ಎನ್ನಿಸಿಕೊಳ್ಳಲು ಏನೇನು ಬೇಕು ಎಂದು ಮಕ್ಕಳಿಗಾಗಿ ಹೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ಅದನ್ನು ಮಾಡಿಯೇ ಮಾಡುತ್ತೀರಿ.

ಈಗ ಒಂದು ಜೀನು ಸಾಲದು, ಇಡೀ ಜೀನೋಮ್ ಓದಬೇಕು. ಮೆಗಟೀರಿಯಂನದು ಸುಮಾರು 51 ಲಕ್ಷ ಅಕ್ಷರ. ಅದನ್ನು ಹತ್ತಿರದ ನೆಂಟರ ಜೀನೋಮ್ ಜೊತೆ ಸಾಲಿಗೆ ಸಾಲು ಹೋಲಿಸುತ್ತಾರೆ. ಸರಾಸರಿ ಹೋಲಿಕೆ ಶೇಕಡಾ 95-96ಕ್ಕಿಂತ ಕಡಿಮೆಯಿದ್ದರೆ ಬೇರೆ ಪ್ರಭೇದ ಎನ್ನುವುದು ವಾಡಿಕೆ. ಆಮೇಲೆ ಹೆಸರಿಗೆ ಆಧಾರವಾದ ಆ ಒಂದು ತಳಿಯನ್ನು ಜೀವಂತವಾಗಿ ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ನಾಳೆ ಯಾರಿಗಾದರೂ ಅನುಮಾನ ಬಂದರೆ ತರಿಸಿಕೊಂಡು ಪರೀಕ್ಷೆ ಮಾಡಬೇಕಲ್ಲ. ನಮ್ಮಲ್ಲಿ ಇಂಥ ಸಂಗ್ರಹ ಚಂಡೀಗಢದಲ್ಲಿದೆ, ಪುಣೆಯಲ್ಲಿದೆ, ಉತ್ತರ ಪ್ರದೇಶದ ಮವುನಲ್ಲಿದೆ. ನಮ್ಮ ಮಣ್ಣಿನ ಜೀವಿಯನ್ನು ಹೊರದೇಶಕ್ಕೆ ಕಳಿಸಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆಯ ಕಾಗದಪತ್ರವೂ ಆಗಬೇಕು. ಹೊಲದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಒಂದು ದಿನದ ಕೆಲಸ, ಉಳಿದದ್ದು ವರ್ಷಗಳದ್ದು.

ಹೀಗೆ ಮಾಡಿ ತೋರಿಸಿದವರು ಇದ್ದಾರೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಮುಲೆ ಎಂಬ ಕಡೆ ಕಡಲೆ ಬೆಳೆಯುತ್ತಾರೆ. ಅಲ್ಲಿಯ ಕಡಲೆಯ ಬೇರುಗಂಟಿನಿಂದ ತೆಗೆದ ಬ್ಯಾಕ್ಟೀರಿಯಾಗೆ 2012ರಲ್ಲಿ ಮೀಸೊರೈಜೋಬಿಯಂ ಮುಲೆಯೆನ್ಸೆ ಎಂದು ಹೆಸರಾಯಿತು. ನಾನು ನವಲಗುಂದಕ್ಕೆ ಬಯಸಿದ್ದು ಅವರ ಊರಿಗೆ ಸಿಕ್ಕಿತು. ಚೆನ್ನೈಯಲ್ಲಿ ಸಂಶೋಧನೆ ಮಾಡುತ್ತಿದ್ದವರು ಪಿಚ್ಚಾವರಂನ ಉಪ್ಪುನೀರಿನ ಕಾಂಡ್ಲಾ ಕಾಡಿನ ಪಕ್ಕದ ಕಾಡುಭತ್ತದಲ್ಲಿ ಉಪ್ಪು ತಡೆಯುವ, ಸಾರಜನಕವನ್ನೂ ಕೊಡುವ, ರಂಜಕವನ್ನೂ ಕರಗಿಸುವ ಒಂದು ಬ್ಯಾಕ್ಟೀರಿಯಾ ಕಂಡು, 2004ರಲ್ಲಿ ಅದಕ್ಕೆ ಸ್ವಾಮಿನಾಥನಿಯಾ ಎಂದು ಎಂ.ಎಸ್. ಸ್ವಾಮಿನಾಥನ್ ಅವರ ಹೆಸರಿಟ್ಟರು. ಹೊಸ ಪ್ರಭೇದ ಮಾತ್ರವಲ್ಲ, ಕುಲವೇ ಹೊಸದು.

ಆದರೆ ಹೆಸರಿಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ನನ್ನ ಮೆಗಟೀರಿಯಂಗೆ ಹತ್ತಿರದ ಒಬ್ಬ ನೆಂಟನಿದ್ದಾನೆ. 2005ರಲ್ಲಿ ಹೈದರಾಬಾದಿನಿಂದ ದೊಡ್ಡ ಬಲೂನು ಹಾರಿಸಿ, 27ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದರು. ಅದರಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಮೂರು ಹೊಸವೆಂದು 2009ರಲ್ಲಿ ಪ್ರಕಟವಾಯಿತು. ಒಂದಕ್ಕೆ ಇಸ್ರೋ ಹೆಸರು, ಒಂದಕ್ಕೆ ಖಗೋಳ ವಿಜ್ಞಾನಿ ಹಾಯ್ಲ್ ಹೆಸರು, ಇನ್ನೊಂದು ಬ್ಯಾಸಿಲಸ್ ಆರ್ಯಭಟ್ಟಾಯ್. ಈ ಆರ್ಯಭಟನೇ ಮೆಗಟೀರಿಯಂನ ಹತ್ತಿರದ ನೆಂಟ. ಆಕಾಶದಲ್ಲಿ ಸಿಕ್ಕವನು ಆಮೇಲೆ ಹೊಲದ ಮಣ್ಣಿನಲ್ಲೂ ಬೆಳೆಗಳ ಬೇರಿನಲ್ಲೂ ಬೇಕಾದಷ್ಟು ಸಿಕ್ಕ. ಜೀನೋಮ್ ಹೋಲಿಸಿ ನೋಡಿದ ಕೆಲವರು, ಇವರಿಬ್ಬರೂ ಬೇರೆ ಅಲ್ಲ, ಒಂದೇ ಪ್ರಭೇದ ಎಂದು ವಾದ ಮುಂದಿಟ್ಟಿದ್ದಾರೆ. ಎರಡು ಹೆಸರೂ ಇನ್ನೂ ಬಳಕೆಯಲ್ಲಿವೆ. ಇಷ್ಟರ ನಡುವೆ 2020ರಲ್ಲಿ ಇಬ್ಬರನ್ನೂ ಬ್ಯಾಸಿಲಸ್ ಮನೆಯಿಂದ ಬೇರೆ ಇಟ್ಟು ಪ್ರೀಸ್ಟಿಯಾ ಎಂಬ ಹೊಸ ಕುಲ ಮಾಡಿದ್ದಾರೆ. ಹಳೆಯ ಬ್ಯಾಸಿಲಸ್ ಕುಲ ನಮ್ಮ ಕಡೆಯ ಹಳೆಯ ಕೂಡುಮನೆಯ ಹಾಗೆ ತುಂಬಿ ಹೋಗಿತ್ತು, ಪಾಲಾಯಿತು. 1884ರಿಂದ ಇದ್ದ ಹೆಸರು ಹೀಗೆ ಪ್ರೀಸ್ಟಿಯಾ ಮೆಗಟೀರಿಯಂ ಆಯಿತು. ಪ್ಯಾಕೆಟ್ಟಿನ ಮೇಲೆ ಈ ಹೆಸರು ಕಂಡರೆ ಹೆದರಬೇಡಿ, ಒಳಗಿನವನು ಹಳಬನೇ.

ಇಷ್ಟೆಲ್ಲ ಹೆಸರಿನ ಜಗಳ ರೈತನಿಗೆ ಯಾಕೆ ಬೇಕು ಎಂದು ಹಿಂದೆ ಕುಳಿತ ಕಾಕಾನವರ ಮುಖ ಕೇಳುತ್ತಿದೆ. ಯಾಕೆ ಬೇಕೆಂದರೆ, ನಾನು ಈಗ ಮಾಡುವ ಕೆಲಸವೇ ಅದು. ಜೀವಾಣು ಗೊಬ್ಬರದ ಪ್ಯಾಕೆಟ್ಟಿನಲ್ಲಿ ಬರೆದ ಹೆಸರಿನ ಬ್ಯಾಕ್ಟೀರಿಯಾ ಒಳಗಿದೆಯೇ, ಬದುಕಿದೆಯೇ, ಎಷ್ಟಿದೆ ಎಂದು ನೋಡುವುದು. ಪುಡಿ ರೂಪದ್ದಾದರೆ ಒಂದು ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕೆಂದು ಸರಕಾರದ ನಿಯಮವಿದೆ. ಬೇಸಿಗೆಯಲ್ಲಿ ತಗಡಿನ ಗೋದಾಮಿನಲ್ಲಿ ಬಿದ್ದ ಪ್ಯಾಕೆಟ್ಟಿನೊಳಗೆ ಎಷ್ಟು ಉಳಿದಿರುತ್ತವೆ, ನೀವೇ ಊಹಿಸಿ.

ನಮ್ಮ ಮನೆಯದೇ ಒಂದು ಮಾತು. ಒಂದು ವರ್ಷ ಅಪ್ಪ ಕಡಲೆ ಬಿತ್ತನೆಗೆ ರೈಜೋಬಿಯಂ ಪ್ಯಾಕೆಟ್ ತಂದ. ಅಂಗಡಿಯವರು "ಎಲ್ಲಾ ಕಾಳಿಗೂ ನಡೀತೈತಿ" ಎಂದು ಕೊಟ್ಟಿದ್ದರು. ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತಿದ. ರಜೆಗೆ ಬಂದಾಗ ಖಾಲಿ ಪ್ಯಾಕೆಟ್ ನೋಡಿದೆ. ಸಣ್ಣ ಅಕ್ಷರದಲ್ಲಿ ಸೋಯಾಬೀನ್ ಎಂದಿತ್ತು. ಸೋಯಾದ ಬೇರಿನಲ್ಲಿ ಗಂಟು ಕಟ್ಟುವುದು ಬ್ರಾಡಿರೈಜೋಬಿಯಂ, ಕಡಲೆಗೆ ಬೇಕಾದದ್ದು ಮೀಸೊರೈಜೋಬಿಯಂ. ಒಬ್ಬರ ಮನೆಯ ಕೀಲಿ ಇನ್ನೊಬ್ಬರ ಬೀಗಕ್ಕೆ ಹತ್ತುವುದಿಲ್ಲ. ಬೇರು ಕಳಿಸುವ ರಾಸಾಯನಿಕ ಸಂದೇಶ ಬೇರೆ, ಬ್ಯಾಕ್ಟೀರಿಯಾ ಕೊಡುವ ಉತ್ತರ ಬೇರೆ.

ಆ ವರ್ಷ ನಮ್ಮ ಕಡಲೆ ಕೆಡಲಿಲ್ಲ. ತಲೆಮಾರುಗಳಿಂದ ಹಿಂಗಾರಿಗೆ ಕಡಲೆ ಬೆಳೆದ ಎರಿ ಹೊಲದಲ್ಲಿ ಕಡಲೆಯ ಸ್ವಂತ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ. ಹೋದದ್ದು ಪ್ಯಾಕೆಟ್ಟಿನ ರೊಕ್ಕ ಮಾತ್ರ. ಇದೇ ತಪ್ಪು ಕಲಘಟಗಿ ಕಡೆ ಮೊದಲ ಸಲ ಸೋಯಾ ಬಿತ್ತುವ ಹೊಲದಲ್ಲಿ ಆದರೆ ಕಥೆ ಬೇರೆ. ಸೋಯಾ ನಮ್ಮ ಭೂಮಿಗೆ ಹೊರಗಿನಿಂದ ಬಂದ ಬೆಳೆ, ಅದರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇಲ್ಲದೇ ಹೋಗಬಹುದು. ಆಗ ಕಡಲೆಯ ಪ್ಯಾಕೆಟ್ ಹಚ್ಚಿದರೆ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ, ಎಲೆ ಹಳದಿಯಾಗುತ್ತದೆ, ಯೂರಿಯಾ ಸುರಿಯಬೇಕಾಗುತ್ತದೆ. ಅಲ್ಲಿ ಹೆಸರು ತಪ್ಪಿದರೆ ಬೆಳೆಯೇ ತಪ್ಪುತ್ತದೆ.

ಈಗ ಅಪ್ಪನ ಪ್ರಶ್ನೆ. ಹೊಲದಲ್ಲಿ ಇದ್ದದ್ದನ್ನೇ ಯಾಕೆ ಕೊಳ್ಳಬೇಕು? ಇವತ್ತು ನನ್ನ ಉತ್ತರ ಇಷ್ಟು. ಒಂದೇ ಪ್ರಭೇದದೊಳಗೂ ಎಲ್ಲವೂ ಒಂದೇ ಕೈಗುಣದವಲ್ಲ. ಕಡಲೆಯಲ್ಲಿ ತಳಿಗಳಿದ್ದ ಹಾಗೆ ಬ್ಯಾಕ್ಟೀರಿಯಾದಲ್ಲೂ ಇವೆ. ಪ್ಯಾಕೆಟ್ಟಿನಲ್ಲಿ ಒಳ್ಳೆಯದೆಂದು ಆರಿಸಿದ ಒಂದು ತಳಿ ಇರುತ್ತದೆ, ಮೊಳಕೆಯ ಹತ್ತಿರ ಒಮ್ಮೆಲೇ ಕೋಟಿಗಟ್ಟಲೆ ಇಳಿಯುತ್ತದೆ. ಅದರಿಂದ ಲಾಭ ಆದ ಹೊಲಗಳಿವೆ, ಏನೂ ಆಗದ ಹೊಲಗಳೂ ಇವೆ. ತಟ್ಟೆಯ ಮೇಲೆ ಕಾಣುವ ಉಂಗುರ ನಮ್ಮ ಸುಣ್ಣದ ಭೂಮಿಯಲ್ಲಿ ಅಷ್ಟೇ ದೊಡ್ಡದಾಗಿ ಬರುವುದಿಲ್ಲ, ಬಿಟ್ಟ ಹುಳಿಯನ್ನು ಸುಣ್ಣವೇ ನುಂಗಿಬಿಡುತ್ತದೆ. ಅದಕ್ಕೇ ಹೇಳುವುದು, ಹೊಲದ ಒಂದು ಪಟ್ಟಿಗೆ ಹಚ್ಚಿದ ಬೀಜ, ಪಕ್ಕದ ಪಟ್ಟಿಗೆ ಹಚ್ಚದ ಬೀಜ ಬಿತ್ತಿ, ರಾಶಿ ಬೇರೆ ಬೇರೆ ತೂಗಿ ನೋಡಿ. ತೂಕ ಹೆಚ್ಚದಿದ್ದರೆ ಮುಂದಿನ ವರ್ಷ ಕೊಳ್ಳಬೇಡಿ. ಹೀಗೆ ಹೇಳುವುದು ಗೊಬ್ಬರ ಮಾರುವವರಿಗೆ ಇಷ್ಟವಾಗುವುದಿಲ್ಲ. ಅಪ್ಪ ಇದ್ದಿದ್ದರೆ ಅವನಿಗೆ ಒಪ್ಪಿಗೆಯಾಗುತ್ತಿತ್ತು ಎಂದುಕೊಂಡಿದ್ದೇನೆ.

ಮಕ್ಕಳೇ, ನಿಮಗೆ ಒಂದು ಕೆಲಸ. ಸುಲಗಾಯಿ ಬರುವುದಕ್ಕೆ ಮೊದಲು, ಹೂ ಬಿಟ್ಟಾಗ, ನಿಮ್ಮ ಹೊಲದ ಎರಡು ಕಡಲೆ ಗಿಡವನ್ನು ಸಲಿಕೆಯಿಂದ ಮಣ್ಣು ಸಮೇತ ಎತ್ತಿ. ಜಗ್ಗಬೇಡಿ, ಗಂಟು ಮಣ್ಣಿನಲ್ಲೇ ಉಳಿಯುತ್ತವೆ. ಬಕೆಟ್ಟಿನ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬೇರಿನ ಮೇಲಿನ ಗಂಟನ್ನು ಬ್ಲೇಡಿನಿಂದ ಕತ್ತರಿಸಿದರೆ ಒಳಗೆ ನಸುಗೆಂಪು ಕಾಣಬೇಕು. ನಮ್ಮ ರಕ್ತದ ಕೆಂಪಿನ ನೆಂಟನೇ ಅದು, ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಹಸಿರು ಅಥವಾ ಕಂದು ಇದ್ದರೆ ಅದರ ಕೆಲಸ ಮುಗಿದಿದೆ. ಎಷ್ಟು ಗಂಟು ಕೆಂಪು, ಎಷ್ಟು ಅಲ್ಲ ಎಂದು ಯಾರ ಹೊಲ, ಯಾವ ತಾರೀಖು ಎಂಬುದರ ಜೊತೆ ವಹಿಯಲ್ಲಿ ಬರೆದಿಡಿ. ಗುಲಾಬಿ ಕಡ್ಡಿಗಳನ್ನು ಬಿಟ್ಟುಬಿಟ್ಟ ಹಾಗೆ ಯಾವುದನ್ನೂ ಬಿಡಬೇಡಿ, ಅರ್ಥವಾಗದಿದ್ದರೂ ಬರೆಯಿರಿ.

ನಾನು ಒಂದು ಸೂಕ್ಷ್ಮದರ್ಶಕ ತಂದಿದ್ದೇನೆ, ಶಾಲೆಗೇ ಬಿಟ್ಟು ಹೋಗುತ್ತೇನೆ. ಒಂಬತ್ತನೆಯ ತರಗತಿಯ ಕೋಣೆಯಲ್ಲಿ ಇಟ್ಟಿದ್ದಾರೆ. ಅದರಡಿಯಲ್ಲಿ ನಮ್ಮ ಹೊಲದ ಮೆಗಟೀರಿಯಂನ ಬಣ್ಣ ಹಚ್ಚಿದ ಗಾಜು ಇದೆ. ಈ ಸಲ ಶುದ್ಧ ಇದೆ, ಮೂರು ಸಲ ಗೆರೆ ಎಳೆದಿದ್ದೇನೆ. ಊಟಕ್ಕೆ ಮೊದಲು ಸಾಲಾಗಿ ಬಂದು ನೋಡಿ, ತಾಯಂದಿರೂ ಬನ್ನಿ. ದೊಡ್ಡ ಗಾಲಿಯನ್ನು ಮಾತ್ರ ತಿರುಗಿಸಬೇಡಿ, ಲೆನ್ಸು ಗಾಜಿಗೆ ಬಡಿಯುತ್ತದೆ.